ಬೋಳುತಲೆ ನೋಡಿ ಬಂದ ಬುತ್ತಿ

ಆ ದಿನದ ಬಗ್ಗೆ ಬರೆಯಲು ಕುಳಿತರೆ ಈಗಲೂ ಎದೆ ಡವಡವ ಎನ್ನುತ್ತದೆ. ಹೆದರಿಕೆಯಿಂದಲ್ಲ, ಹುರುಪಿನಿಂದ. ನಾನು ಹೆಚ್ಚು ಓದಿದವನಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಹೊಲಿಗೆ ಯಂತ್ರ ರಿಪೇರಿಗೆ ಕುಳಿತವನು, ಇವತ್ತಿಗೂ ವಿಜಯಪುರದ ಸ್ಟೇಷನ್ ರಸ್ತೆಯ ಒಂದು ಸಂದಿಯಲ್ಲಿ ಅದೇ ಕೆಲಸ ಮಾಡಿಕೊಂಡಿದ್ದೇನೆ. ಮಾತೂ ಕಡಿಮೆ. ಅಂಥವನು ಅವತ್ತು ಬಬಲೇಶ್ವರದ ನಮ್ಮ ಮನೆಯ ಅಂಗಳದಲ್ಲಿ, ಅಷ್ಟು ಜನರ ನಡುವೆ ನಿಂತು, ಎರಡು ವರ್ಷ ನುಂಗಿಕೊಂಡಿದ್ದನ್ನೆಲ್ಲ ಹೇಳಿಬಿಟ್ಟೆ. ಅದು ಹೇಗಾಯಿತೆಂದು ನೆನೆಸಿಕೊಂಡರೆ ನನಗೇ ನಗು ಬರುತ್ತದೆ.

ಮೊದಲು ನಗುವಿಲ್ಲದ ಕಥೆ. ನನ್ನ ಹೆಂಡತಿ ಜ್ವರ ಎಂದು ಮಲಗಿದವಳು ವಾರದೊಳಗೆ ಹೋಗಿಬಿಟ್ಟಳು. ಅವಳು ಅಂಗಡಿಯಲ್ಲಿ ನನ್ನ ಪಕ್ಕದಲ್ಲೇ ಕುಳಿತು ಬ್ಲೌಸ್ ಹೊಲಿಯುತ್ತಿದ್ದಳು. ನಾನು ರಿಪೇರಿ ಮಾಡಿದ ಯಂತ್ರವನ್ನು ಮೊದಲು ತುಳಿದು ನೋಡುತ್ತಿದ್ದವಳೂ ಅವಳೇ. ಸದ್ದು ಕೇಳಿಯೇ, "ಇನ್ನೂ ಬಿಗಿ ಐತಿ, ಬಿಚ್ಚರಿ" ಎನ್ನುತ್ತಿದ್ದಳು. ಅವಳು ಹೋದ ಮೇಲೆ ಅಂಗಡಿ ತೆರೆಯುತ್ತಿದ್ದೆ, ಸ್ಕ್ರೂಡ್ರೈವರ್ ಹಿಡಿದು ಕೂಡುತ್ತಿದ್ದೆ, ಹಿಡಿದದ್ದು ಹಿಡಿದಂತೆಯೇ ಮಧ್ಯಾಹ್ನವಾಗುತ್ತಿತ್ತು. ರೊಟ್ಟಿ ಅಗಿದರೆ ರಟ್ಟು ಅಗಿದ ಹಾಗೆ. ರಾತ್ರಿ ಕಣ್ಣು ಮುಚ್ಚುತ್ತಿರಲಿಲ್ಲ, ಹಗಲು ತೆರೆಯುತ್ತಿರಲಿಲ್ಲ. ಕಾಲೇಜಿಗೆ ಹೋಗುವ ನನ್ನ ಮಗಳು ಒಂದು ದಿನ ಕೈಹಿಡಿದು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದಳು. ಅವರು ಎಲ್ಲ ಕೇಳಿ, ಇದು ಖಿನ್ನತೆ, ಜ್ವರ ಕೆಮ್ಮಿನ ಹಾಗೆ ಇದಕ್ಕೂ ಔಷಧಿ ಇದೆ ಎಂದು ದಿನಕ್ಕೊಂದು ಗುಳಿಗೆ ಬರೆದುಕೊಟ್ಟರು.

ಆ ಗುಳಿಗೆ ಒಮ್ಮೆಲೇ ಏನೂ ಮಾಡಲಿಲ್ಲ. ಆದರೆ ಕೆಲವು ವಾರ ಕಳೆದ ಮೇಲೆ, ಒಂದು ಬೆಳಿಗ್ಗೆ ವಿಜಯಪುರದ ಇಬ್ರಾಹಿಂಪುರ ಬಡಾವಣೆಯ ನಮ್ಮ ಮನೆಯ ಕಿಟಕಿಯಿಂದ ಪಕ್ಕದವರ ಒಗ್ಗರಣೆಯ ವಾಸನೆ ಬಂತು. ಬಾಯಲ್ಲಿ ನೀರೂರಿತು! ಎದ್ದು ಕುಳಿತೆ. ಹಸಿವು ಎಂದರೆ ಹೀಗಿರುತ್ತದೆ ಎನ್ನುವುದೇ ನನಗೆ ಮರೆತುಹೋಗಿತ್ತು. ಮಗಳನ್ನು ಎಬ್ಬಿಸಿ ಅವಲಕ್ಕಿ ಮಾಡಿಸಿಕೊಂಡು ಎರಡು ಸಲ ತಿಂದೆ. ಅವಳು ಬಾಗಿಲಿಗೆ ಒರಗಿ ನಿಂತು ನನ್ನನ್ನು ನೋಡುತ್ತಲೇ ಇದ್ದಳು. ಅಂಗಡಿಗೆ ಹೋದರೆ ಯಂತ್ರದ ಸದ್ದು ಮತ್ತೆ ಯಂತ್ರದ ಸದ್ದಿನ ಹಾಗೆ ಕೇಳಿಸಿತು. ದುಃಖ ಹೋಗಿತ್ತು ಎಂದಲ್ಲ. ದುಃಖ ಇತ್ತು, ಆದರೆ ಅದನ್ನು ಹೊತ್ತು ನಡೆಯುವ ಕಾಲು ಬಂದಿತ್ತು.

ಗುಳಿಗೆಯ ವಿಷಯ ಮಗಳ ಹೊರತು ಯಾರಿಗೂ ಗೊತ್ತಿರಲಿಲ್ಲ. ಬಬಲೇಶ್ವರದಲ್ಲಿರುವ ನನ್ನ ಅವ್ವನಿಗೆ, ಅಣ್ಣನಿಗೆ, ಘೋಣಸಗಿಯ ಹೆಂಡತಿಯ ತವರಿನವರಿಗೆ, ಯಾರಿಗೂ ಹೇಳಿರಲಿಲ್ಲ. ನಮ್ಮ ಕಡೆ ಅಂಥ ಡಾಕ್ಟರ ಹತ್ತಿರ ಹೋದನೆಂದರೆ ತಲೆ ಕೆಟ್ಟಿತು ಅಂತಲೇ ಲೆಕ್ಕ.

ಕೆಲವು ತಿಂಗಳಾದ ಮೇಲೆ ಕೂದಲು ಉದುರತೊಡಗಿತು. ಮೊದಲು ಕಂಡದ್ದು ಯಂತ್ರದೊಳಗೆ. ಸೂಜಿಯ ಕೆಳಗೆ ದಾರ ಹಿಡಿಯುವ ಕೊಂಡಿಗೆ ಕೂದಲು ಸುತ್ತಿಕೊಂಡಿರುವುದು ನಮ್ಮ ಕೆಲಸದಲ್ಲಿ ಹೊಸದಲ್ಲ. ಹೆಂಗಸರು ಬಗ್ಗಿ ಹೊಲಿಯುವಾಗ ಉದ್ದ ಕೂದಲು ಎಣ್ಣೆಗೆ ಅಂಟುತ್ತದೆ. ಆದರೆ ಇವು ಗಿಡ್ಡ ಕೂದಲು. ಎಣ್ಣೆ ಒರೆಸುವ ಬಟ್ಟೆಯ ಮೇಲೆ, ನನ್ನ ಹೆಗಲ ಮೇಲೆ, ಚಹಾದ ಕಪ್ಪಿನಲ್ಲಿ. ಕೈಯಿಂದ ಬಾಚಿದರೆ ಬೆರಳ ತುಂಬ ಬರುತ್ತಿತ್ತು. ದಟ್ಟ ಕೂದಲಿನ ಮನುಷ್ಯ ನಾನು. ನೋಡನೋಡುತ್ತ ನೆತ್ತಿ ಕಾಣತೊಡಗಿತು.

ವಿಜಯಪುರದಲ್ಲಿ ಯಾರಿಗೆ ಕೂದಲು ಉದುರಿದರೂ ಕಾರಣ ಒಂದೇ: ಬೋರಿನ ಸವಳು ನೀರು. ಪಕ್ಕದ ಅಂಗಡಿಯವನೂ ಅದನ್ನೇ ಹೇಳಿದ. ಸಿಹಿನೀರಿನ ಕ್ಯಾನು ಹೊತ್ತು ತಂದು ತಲೆ ತೊಳೆದೆ. ಉದುರುವುದು ನಿಲ್ಲಲಿಲ್ಲ. ಕೊನೆಗೆ ಮಗಳು ಮೊಬೈಲಿನಲ್ಲಿ ಏನೇನೋ ಓದಿ ಹೇಳಿದಳು.

"ಅಪ್ಪಾ, ನೀರಲ್ಲಪಾ ಇದು. ಆ ಗುಳಗಿಯಿಂದ ಕೆಲವರಿಗೆ ಹಿಂಗ ಆಗ್ತೈತಂತ. ಡಾಕ್ಟರಿಗೆ ಕೇಳೂಣು ನಡಿ."

ನಾನು ಹೋಗಲಿಲ್ಲ. ನನ್ನನ್ನು ಮಲಗಿದಲ್ಲಿಂದ ಎಬ್ಬಿಸಿ ಕೂರಿಸಿದ ಡಾಕ್ಟರಿಗೆ, ಕೂದಲು ಹೋಗ್ತಾವ್ರಿ ಎಂದು ಹೇಳಲು ನಾಚಿಕೆ. ಅದಕ್ಕಿಂತ ಹೆಚ್ಚಾಗಿ, ಊರಲ್ಲಿ ಯಾರಾದರೂ ಕೇಳಿದರೆ ಏನು ಹೇಳಲಿ ಎಂಬ ಚಿಂತೆ. ನಾನೇ ಒಂದು ಉಪಾಯ ಮಾಡಿದೆ. ಇರುವ ಕೂದಲನ್ನೂ ಬೋಳಿಸಿಬಿಡುವುದು, ಕೇಳಿದರೆ ಹರಕೆ ಎನ್ನುವುದು, ಗುಳಿಗೆ ಬಿಟ್ಟುಬಿಡುವುದು, ಹೊಸ ಕೂದಲು ಬರುವ ಹೊತ್ತಿಗೆ ಯಾರಿಗೂ ಏನೂ ಗೊತ್ತಿರುವುದಿಲ್ಲ. ಗುಳಿಗೆ ಬಿಟ್ಟರೆ ಮತ್ತೆ ಆ ರಟ್ಟಿನ ರೊಟ್ಟಿಯ ದಿನಗಳು ಬಂದರೆ? ಆದರೂ ನಿರ್ಧಾರ ಮಾಡಿದೆ.

ಇಲ್ಲಿ ನಮ್ಮವರ ಒಂದು ಪದ್ಧತಿ ಹೇಳಬೇಕು. ಹರಕೆಗೆ ಮುಡಿ ಕೊಟ್ಟವನ ಮೀಸೆ ಹಾಗೇ ಇರುತ್ತದೆ. ತಲೆಯೂ ಬೋಳು, ಮೀಸೆಯೂ ಇಲ್ಲ ಎಂದರೆ ಹೆತ್ತವರಲ್ಲಿ ಒಬ್ಬರು ತೀರಿದ್ದಾರೆ ಎಂದು ಅರ್ಥ. ಹೆಂಡತಿ ಸತ್ತರೆ ಗಂಡ ಬೋಳಿಸುವುದಿಲ್ಲ. ನನ್ನಪ್ಪ ಹೋಗಿ ಬಹಳ ವರ್ಷವಾಯಿತು. ಉಳಿದದ್ದು ಅವ್ವ ಒಬ್ಬಳೇ.

ಸ್ಟೇಷನ್ ರಸ್ತೆಯ ಕ್ಷೌರದ ಅಂಗಡಿಗೆ ಮಧ್ಯಾಹ್ನ ಹೋದೆ. ಬೆಳಿಗ್ಗೆ ತೆಗೆದುಕೊಂಡ ಗುಳಿಗೆಗೆ ಆ ಹೊತ್ತಿನಲ್ಲಿ ನನಗೆ ಕಣ್ಣು ಎಳೆಯುತ್ತದೆ. "ಎಲ್ಲಾ ತಗೀರಿ" ಎಂದು ಕುರ್ಚಿಯಲ್ಲಿ ಕುಳಿತವನು, ಫ್ಯಾನಿನ ಗಾಳಿಗೆ ಅಲ್ಲೇ ನಿದ್ದೆ ಹೋದೆ. ಎಚ್ಚರವಾದಾಗ ಕನ್ನಡಿಯಲ್ಲಿ ಯಾರೋ ಕುಳಿತಿದ್ದ. ತಲೆಗೂದಲು ಇಲ್ಲ, ಮೀಸೆ ಇಲ್ಲ.

"ಮೀಸಿ ಯಾಕ ತಗದ್ರಿ?" ಎಂದೆ.

"ಎಲ್ಲಾ ತಗೀರಿ ಅಂದ್ರಿ. ಮಾರಿ ನೋಡಿದ್ರ ಗೊತ್ತಾಗ್ತೈತಲ್ರಿ, ಅದಕ್ಕ ನಾ ಏನೂ ಕೇಳಲಿಲ್ಲ. ತಾಯೇನ್ರಿ?"

"ಅವ್ವ ಆರಾಮ ಅದಾಳೋ ಮಾರಾಯಾ!"

ಅವನು ನಾಲಿಗೆ ಕಚ್ಚಿಕೊಂಡ. ಸ್ವಲ್ಪ ಹೊತ್ತು ನನ್ನ ಮೇಲ್ತುಟಿಯನ್ನೇ ನೋಡಿ, "ಕಪ್ಪು ಪೆನ್ಸಿಲ್ಲಿಲೆ ಬರದು ಕೊಡ್ಲೇನ್ರಿ?" ಎಂದ. ಟೋಪಿ ಹಾಕಿಕೊಂಡು ಹೊರಗೆ ಬಂದೆ.

ಮರುದಿನ ತಿಕೋಟಾದಲ್ಲಿ ಕೆಲಸವಿತ್ತು. ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಕಡೆ ಯಂತ್ರಗಳು ಕೆಟ್ಟು ಕುಳಿತಿದ್ದವು. ಅದನ್ನು ಮುಗಿಸಿ, ಅಲ್ಲಿಂದಲೇ ಬಬಲೇಶ್ವರಕ್ಕೆ ಹೋಗಿ, ಅಣ್ಣನ ಹೆಂಡತಿ, ನಮ್ಮ ವೈನಿಯ ಹೊಲಿಗೆ ಯಂತ್ರ ನೋಡಿ, ಅವ್ವನಿಗೆ ಮುಖ ತೋರಿಸಿ ಬರಬೇಕು. ಅವ್ವ ಜೀವಂತ ಇರುವಾಗ ಮೀಸೆ ಬೋಳಿಸಿಕೊಂಡು ಅವಳೆದುರು ನಿಲ್ಲುವುದು ಹೇಗೆ? ಆದರೆ ಬರುತ್ತೇನೆಂದು ಹೇಳಿಯಾಗಿತ್ತು, ಹೋಗದಿದ್ದರೆ ಅದಕ್ಕೂ ಒಂದು ಸುಳ್ಳು ಬೇಕು. ಆ ಬೆಳಿಗ್ಗೆ ಗುಳಿಗೆ ತೆಗೆದುಕೊಳ್ಳಲಿಲ್ಲ. ಎಸೆಯುವ ಮನಸ್ಸಾಗದೆ ಪಟ್ಟಿಯನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡೆ.

ತಿಕೋಟಾದಲ್ಲಿ ಬಿಸಿಲು ಜೋರು. ಚಹಾದಂಗಡಿಯ ಮುಂದೆ ಟೋಪಿ ತೆಗೆದು ತಲೆ ಒರೆಸಿಕೊಳ್ಳುತ್ತಿದ್ದೆ. ಆಗ ರಸ್ತೆಯಲ್ಲಿ ಹೋಗುತ್ತಿದ್ದ ಟಂಟಂ ಆಟೋದಲ್ಲಿ ಹೆಂಡತಿಯ ಕಾಕಾ ಕುಳಿತಿದ್ದರು, ಘೋಣಸಗಿಗೆ ಹೊರಟವರು. ನನ್ನನ್ನು ನೋಡಿ ಅವರ ಮುಖ ಬಿಳಿಚಿತು. ಎರಡೂ ಕೈ ಎದೆಗೆ ಹಿಡಿದು ತಲೆ ಬಗ್ಗಿಸಿದರು. ನಾನೂ ಹಾಗೆಯೇ ಕೈಮುಗಿದೆ. ಟಂಟಂ ಮುಂದೆ ಹೋಯಿತು. ಹಿರಿಯರು ಎಷ್ಟು ಮರ್ಯಾದೆ ಕೊಟ್ಟರಲ್ಲ ಎಂದುಕೊಂಡು ಚಹಾ ಕುಡಿದೆ. ಅವ್ವನ ಸಾವನ್ನು ನಾನೇ ಕೈಮುಗಿದು ಒಪ್ಪಿಕೊಂಡೆ ಎಂಬುದು ಹೊಳೆಯಲೇ ಇಲ್ಲ.

ಬಬಲೇಶ್ವರದ ಮನೆ ಮುಟ್ಟಿದಾಗ ಇಳಿಹೊತ್ತು. ಅವ್ವ ಅಂಗಳದಲ್ಲಿ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ವೈನಿ ಬಾಗಿಲಲ್ಲಿ ನನ್ನನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡರು. ಟೋಪಿ ಇದ್ದರೂ ತುಟಿ ಮುಚ್ಚಿಕೊಳ್ಳುವುದು ಹೇಗೆ? ಅವ್ವ ಕಣ್ಣು ಕಿರಿದು ಮಾಡಿ ನೋಡಿದಳು.

"ಯಾರಪಾ ನೀನು?"

"ನಾನ ಬೇ ಯವ್ವಾ."

"ಟೊಪ್ಪಿಗಿ ತಗಿ."

ತೆಗೆದೆ. ಅವ್ವ ಮೊರ ಕೆಳಗಿಟ್ಟಳು.

"ನಾ ಯಾವಾಗ ಸತ್ತೆನಲೇ? ನನಗರೆ ಒಂದು ಮಾತು ಹೇಳಬೇಕಲ್ಲ!"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ಒಂದು ಮಿನಿ ಟೆಂಪೋ ನಿಂತ ಸದ್ದು, ಅದರ ಹಿಂದೆಯೇ ಹೆಂಗಸರು ಹಾಡಿಕೊಂಡು ಅಳುವ ಸದ್ದು ಕೇಳಿಸಿತು. ಸತ್ತವರ ಮನೆಗೆ ಮಾತಾಡಿಸಲು ಬರುವ ನಮ್ಮ ಹೆಂಗಸರು ಓಣಿಯ ತುದಿಯಿಂದಲೇ ಅಳು ಎತ್ತುತ್ತಾರೆ. ಮುಂಚೆ ಫೋನ್ ಮಾಡಿ ಕೇಳುವ ಪದ್ಧತಿ ಇಲ್ಲ. ಸುದ್ದಿ ಮುಟ್ಟಿತೆಂದರೆ ರೊಟ್ಟಿ ಬುತ್ತಿ ಕಟ್ಟಿಕೊಂಡು ಹೊರಡುವುದೇ. ದುಃಖದ ಮನೆಯಲ್ಲಿ ಒಲೆ ಹೊತ್ತಿರುವುದಿಲ್ಲ ನೋಡಿ.

"ಅಯ್ಯ, ಓಣ್ಯಾಗ ಯಾರೋ ಹೋದ್ರಲ್ಲವ್ವಾ!" ಎಂದು ಅವ್ವ ಮಂಡಿ ಹಿಡಿದು ಎದ್ದಳು. ನನ್ನ ಬೋಳುತಲೆ ಅವಳಿಗೆ ಮರೆತೇಹೋಯಿತು. ಸೆರಗು ಹೊದ್ದುಕೊಂಡು ಬಾಗಿಲ ಕಡೆ ನಡೆದಳು. ಅದೇ ಹೊತ್ತಿಗೆ ಆ ಗುಂಪು ನಮ್ಮ ಬಾಗಿಲಿಗೇ ಬಂತು. ಎಲ್ಲರ ಮುಂದೆ ನನ್ನ ಅತ್ತೆ, ಹೆಂಡತಿಯ ತಾಯಿ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹಾಡುತ್ತಿದ್ದರು.

"ಬಂಗಾರದಂಥಾ ಬೀಗತಿ ನನ್ನವ್ವಾ... ನಿನ್ನಂಥಾ ಹೋಳಗಿ ಯಾರ ಮಾಡತಾರ ನನ್ನವ್ವಾ... ನನ್ನ ಮಗಳನ್ನ ಮಗಳಂಗ ನೋಡಿದೆಲ್ಲ ನನ್ನವ್ವಾ..."

ಅವ್ವ ಅವರನ್ನು ತಬ್ಬಿಕೊಂಡು ತಾನೂ ದನಿ ಸೇರಿಸಿ ಅತ್ತಳು. ಅಳು ಕೇಳಿದರೆ ಸುಮ್ಮನಿರುವವಳಲ್ಲ ನಮ್ಮವ್ವ. ಇಬ್ಬರೂ ಹೆಗಲ ಮೇಲೆ ತಲೆಯಿಟ್ಟು ಅಳುತ್ತಿದ್ದಾರೆ. ನಾನು, ವೈನಿ ಇಬ್ಬರೂ ಕಲ್ಲಾಗಿ ನಿಂತಿದ್ದೇವೆ. ಒಂದು ಸುತ್ತು ಅತ್ತ ಮೇಲೆ ಅವ್ವ ಮೂಗು ಒರೆಸಿಕೊಂಡು ಕೇಳಿದಳು.

"ಹೋದವರು ಯಾರವ್ವಾ?"

ಅತ್ತೆ ಸೆರಗು ಸರಿಸಿದರು. ಅವ್ವನ ಮುಖ ನೋಡಿದರು. ಕೈಯಿಂದ ಅವಳ ಗಲ್ಲ ಮುಟ್ಟಿ ನೋಡಿದರು. ಆಮೇಲೆ "ಯಪ್ಪಾ!" ಎಂದು ಹಿಂದೆ ಜಿಗಿದು ಕಾಕಾನ ಕಾಲು ತುಳಿದರು.

ಗದ್ದಲ ಎಂದರೆ ಅದು. ಹಿಂದಿದ್ದವರಿಗೆ ಏನಾಯಿತೆಂದು ಗೊತ್ತಾಗದೆ ಇನ್ನೂ ಅಳುತ್ತಿದ್ದಾರೆ, ಮುಂದಿದ್ದವರು "ಅದಾಳ, ಅದಾಳ, ಸುಮ್ನಿರ್ರೇ" ಎಂದು ಕೂಗುತ್ತಿದ್ದಾರೆ. ಕಾಕಾ ಒಂದು ಕೈಯಲ್ಲಿ ಬುತ್ತಿಯ ಬುಟ್ಟಿ ಹಿಡಿದು, ಇನ್ನೊಂದು ಕೈಯಿಂದ ನನ್ನನ್ನು ತೋರಿಸಿ, "ನಾ ನನ್ನ ಕಣ್ಣಾರೆ ನೋಡೇನಿ! ಕೈ ಮುಗದ ಇವ! ಕೈ ಮುಗದಿಲ್ಲೇನೋ?" ಎಂದರು.

"ನೀವು ಮುಗದ್ರಿ ಅಂತ ಮುಗದೆ, ಕಾಕಾ."

ಅವ್ವ ಸೊಂಟದ ಮೇಲೆ ಕೈಯಿಟ್ಟಳು. "ಅಂದ್ರ ಸತ್ತಾಕಿ ನಾನೇನು? ಬೀಗತೀ, ಬದುಕಿದ್ದಾಗ ಒಂದು ದಿನಾನೂ ನನ್ನ ಹೋಳಗಿ ಚಲೋ ಅಂದಾಕಿ ಅಲ್ಲ ನೀ. ಸತ್ತ ಕೂಡಲೇ ಬಂಗಾರ ಆದೆನೇನು?"

ಅತ್ತೆ ನಕ್ಕರು. ಮಗಳನ್ನು ಮಣ್ಣು ಮಾಡಿದ ಮೇಲೆ ಆ ಹೆಂಗಸು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಹೊಟ್ಟೆ ಹಿಡಿದು, ಕಟ್ಟೆಯ ಮೇಲೆ ಕುಳಿತು, ಕಣ್ಣೀರು ಇಳಿಯುವಂತೆ ನಕ್ಕರು. ಎಲ್ಲರೂ ನಕ್ಕರು. ನನ್ನೊಳಗಿಂದಲೂ ಏನೋ ಹಾರಿ ಬಂದಂತಾಗಿ, ಗೋಡೆ ಹಿಡಿದುಕೊಂಡು ನಕ್ಕೆ.

ನಗು ಇಳಿದ ಮೇಲೆ ಕಾಕಾ ಕೇಳಿಯೇಬಿಟ್ಟರು. "ಅದೆಲ್ಲಾ ಖರೇ. ಮತ್ತ ಇವ ಯಾಕ ಬೋಳಿಸ್ಯಾನ?"

ಎಲ್ಲರೂ ನನ್ನ ಕಡೆ ತಿರುಗಿದರು. ಹರಕೆ ಎಂದು ಹೇಳಬಹುದಿತ್ತು. ಮೀಸೆ ಇದ್ದಿದ್ದರೆ ಹಾಗೆಯೇ ಹೇಳುತ್ತಿದ್ದೆನೋ ಏನೋ. ಆದರೆ ಆ ನಗುವಿನ ಬಿಸಿ ಇನ್ನೂ ಎದೆಯಲ್ಲಿತ್ತು, ಸುಳ್ಳು ಜೋಡಿಸುವ ತ್ರಾಣವಿರಲಿಲ್ಲ. ಕಿಸೆಯಿಂದ ಗುಳಿಗೆಯ ಪಟ್ಟಿ ತೆಗೆದು ಹಿಡಿದೆ.

"ಇದರಿಂದ ಕೂದಲಾ ಉದುರಿದ್ವು. ಆಕಿ ಹೋದ ಮ್ಯಾಲೆ ನನಗ ನಿದ್ದಿ ಇಲ್ಲ, ಊಟ ಇಲ್ಲ, ಬದುಕಬೇಕು ಅನ್ನೋದ ಇರಲಿಲ್ಲ. ಮನಸಿನ ಡಾಕ್ಟರ ಕಡೆ ಹೋಗಿದ್ದೆ. ಇದನ್ನ ತಗೊಂಡ ಮ್ಯಾಲೆ ಎದ್ದು ಕುಂತೇನಿ. ಈಗ ಕೂದಲಾ ಹೋದ್ವು ಅಂತ ಇವತ್ತಿನಿಂದ ಬಿಡಾಕತ್ತೇನಿ."

ಕೋಳಿಯೊಂದು ಅವ್ವನ ಮೊರದ ಜೋಳ ಕುಕ್ಕುತ್ತಿತ್ತು, ಯಾರೂ ಓಡಿಸಲಿಲ್ಲ. ಕಾಕಾ ಗಂಟಲು ಸರಿಮಾಡಿಕೊಂಡು, "ಅಂದ್ರ... ತಲಿ ಕೆಟ್ಟವರ ಗುಳಗಿ?" ಎಂದರು.

"ತಲಿ ನಿನಗ ಕೆಟ್ಟೈತಿ," ಎಂದರು ಅತ್ತೆ, ಕಟ್ಟೆಯಿಂದಲೇ. "ಬದುಕಿದ್ದಾಕಿಗೆ ಬುತ್ತಿ ಕಟ್ಟಿಸಿಕೊಂಡು ಬಂದಾಂವ ನೀನು."

ಮತ್ತೊಮ್ಮೆ ನಗೆ ಎದ್ದಿತು. ಅತ್ತೆ ನಗಲಿಲ್ಲ. ಎದ್ದು ಬಂದು ನನ್ನ ಕೈಯಿಂದ ಆ ಪಟ್ಟಿ ತೆಗೆದುಕೊಂಡು, ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ದನಿ ಇಳಿಸಿ ಕೇಳಿದರು.

"ಖರೇನ ನಿದ್ದಿ ಬರ್ತೈತೇನು ಇದನ್ನ ತಗೊಂಡ್ರ?"

"ಬರ್ತೈತಿ ಅತ್ತಿ."

"ಆಕಿ ನೆನಪು ಹೋಗೂದಿಲ್ಲಲ್ಲ?"

ಆ ಪ್ರಶ್ನೆ ನನ್ನದೂ ಆಗಿತ್ತು. ಗುಳಿಗೆ ಶುರು ಮಾಡುವಾಗ ನಾನು ಹೆದರಿದ್ದು ಅದಕ್ಕೇ. "ಇಲ್ಲ ಅತ್ತಿ, ನೆನಪು ಎಲ್ಲಿಗೂ ಹೋಗೂದಿಲ್ಲ. ಮದಲ ಆಕಿ ಸತ್ತಿದ್ದಷ್ಟ ನೆನಪಿತ್ತು. ಈಗ ಆಕಿ ಬೈತಿದ್ದದ್ದು, ಹೊಲಿತಿದ್ದದ್ದು ಎಲ್ಲಾ ನೆನಪಿಗೆ ಬರಾಕತ್ತೈತಿ."

ಅತ್ತೆ ತಲೆಯಾಡಿಸಿದರು. "ನನಗೂ ಎರಡು ಕೊಡು."

"ಹಂಗ ಒಬ್ಬರದು ಒಬ್ಬರು ನುಂಗಬಾರದ್ರಿ. ಡಾಕ್ಟರು ನೋಡಿ ಕೊಡಬೇಕು. ನಾ ಕರಕೊಂಡು ಹೋಗ್ತೇನಿ."

"ನೀನ ಬಿಟ್ಟು ಕುಂತಾಂವ. ನನ್ನ ಯಾವ ಬಾಯಿಲೆ ಕರಕೊಂಡು ಹೋಗ್ತಿ?"

ಅಷ್ಟರಲ್ಲಿ ಬುತ್ತಿಯ ಜಗಳ ಎದ್ದಿತು. ದುಃಖದ ಮನೆಗೆ ತಂದ ಬುತ್ತಿಯನ್ನು ತಿರುಗಿ ಒಯ್ಯುವ ಹಾಗಿಲ್ಲ. ಯಾರೂ ಸಾಯದ ಮನೆಯಲ್ಲಿ ಅದನ್ನು ಉಣ್ಣುವ ಹಾಗೂ ಇಲ್ಲ, ಅಶುಭ, ದನಕ್ಕೆ ಹಾಕಿರಿ ಎಂದು ಕಾಕಾ ಹಟ ಹಿಡಿದರು. ಖಡಕ್ ರೊಟ್ಟಿ, ಕಡಲೆಹಿಟ್ಟಿನ ಝುಣಕ, ಚಟ್ನಿಪುಡಿಯಂಥ ಶೇಂಗಾ ಹಿಂಡಿ, ಬುಟ್ಟಿ ತುಂಬ ಇತ್ತು. ಆಗ ಅವ್ವ ಮೊರ ಬದಿಗಿಟ್ಟು ಕೈ ತೊಳೆದುಕೊಂಡಳು.

"ನನ್ನ ಹೆಸರಿಲೆ ಬಂದ ಬುತ್ತಿ. ನಾನ ಬಡಸ್ತೇನಿ. ಕುಂಡರ್ರಿ ಎಲ್ಲಾರೂ."

ಅಂಗಳದಲ್ಲೇ ಸಾಲಾಗಿ ಕುಳಿತರು. ಕಾಕಾನೂ ಕುಳಿತರು, ಹಿಂಡಿ ಎರಡು ಸಲ ಕೇಳಿ ಹಾಕಿಸಿಕೊಂಡರು. ಹೊಲದಿಂದ ಬಂದ ಅಣ್ಣ ಬಾಗಿಲಲ್ಲಿ ಅಷ್ಟು ಚಪ್ಪಲಿ ನೋಡಿ, ಬೋಳು ತಲೆಯ ನನ್ನನ್ನು ನೋಡಿ ಎದೆ ಹಿಡಿದುಕೊಂಡ. ಅವನಿಗೆ ಅವ್ವನೇ ರೊಟ್ಟಿ ಕೊಟ್ಟು, "ನಾ ಅದೇನಿ, ಉಣ್ಣು" ಎಂದಳು.

ನನಗೆ ಬಡಿಸಲು ಬಂದಾಗ ಅವ್ವ ನನ್ನ ಬೋಳು ತಲೆಯ ಮೇಲೆ ಕೈಯಿಟ್ಟಳು. ಶೇಂಗಾ ಹಿಂಡಿಯ ಕೈ, ಹಾಗೇ ಇಟ್ಟಳು.

"ಮಣ್ಣಾಗ ಹೋಗೂ ಕೂದಲಕ್ಕ ಗುಳಗಿ ಬಿಡ್ತಿ? ಮಗಳು ಒಬ್ಬಾಕಿ ಅದಾಳ ಮನ್ಯಾಗ. ಉಂಡು, ತಗೋ. ನಾ ನೋಡಬೇಕು."

ಉಂಡೆ. ಝುಣಕ ಖಾರವಿತ್ತು, ಕಣ್ಣಲ್ಲಿ ನೀರು ಬಂತು, ಅದೇನೂ ಝುಣಕದ ತಪ್ಪಲ್ಲ. ಅತ್ತೆ ಪಟ್ಟಿಯಿಂದ ಒಂದು ಗುಳಿಗೆ ತಾವೇ ಒತ್ತಿ ತೆಗೆದು ನನ್ನ ಅಂಗೈಗೆ ಹಾಕಿ, ತಂಬಿಗೆ ನೀರು ಕೊಟ್ಟರು. ಅಷ್ಟು ಜನ ನೋಡುತ್ತಿರುವಾಗ ನುಂಗಿದೆ.

ಮುಂದಿನ ವಾರ ಅತ್ತೆಯನ್ನು ಕರೆದುಕೊಂಡು ವಿಜಯಪುರದ ಆ ಡಾಕ್ಟರ ಹತ್ತಿರ ಹೋದೆ. ಮೊದಲು ನನ್ನ ಸರದಿ. ತಲೆ ತೋರಿಸಿ ಎಲ್ಲ ಹೇಳಿದೆ. ಡಾಕ್ಟರು ನಗಲಿಲ್ಲ, ಬೈಯಲೂ ಇಲ್ಲ. "ಅಪರೂಪಕ್ಕ ಕೆಲವರಿಗೆ ಹಿಂಗ ಆಗ್ತದ್ರಿ. ರಕ್ತಾನೂ ನೋಡೂಣು, ಥೈರಾಯ್ಡಿನಿಂದಾನೂ ಉದುರ್ತಾವ, ದುಃಖದಿಂದಾನೂ ಉದುರ್ತಾವ. ಗುಳಗಿಯಿಂದನ ಅಂತಾದ್ರ ಸಾವಕಾಶ ಬ್ಯಾರೇದಕ್ಕ ಬದಲಿ ಮಾಡೂಣು. ಸಾಮಾನ್ಯವಾಗಿ ತಿರುಗಿ ಬರ್ತಾವ. ಆದ್ರ ನೀವಾಗೇ ಬಿಡಬ್ಯಾಡ್ರಿ. ಮದಲ ನನಗ ಬಂದು ಹೇಳಬೇಕಿತ್ತಲ್ಲ?" ಎಂದರು. ಅಷ್ಟೇ ಮಾತು! ಅಷ್ಟಕ್ಕಾಗಿ ನಾನು ತಲೆ ಬೋಳಿಸಿ, ಅವ್ವನನ್ನು ಸಾಯಿಸಿ, ಒಂದು ಟೆಂಪೋ ಜನರನ್ನು ಅಳಿಸಿದ್ದೆ.

ಹೊರಗೆ ಬಂದರೆ ಕಾಯುವ ಕೋಣೆಯಲ್ಲಿ ಅತ್ತೆಯ ದನಿ ಕೇಳಿಸಿತು. ಆ ಕೋಣೆಯಲ್ಲಿ ಯಾರೂ ಯಾರೊಡನೆಯೂ ಮಾತಾಡುವುದಿಲ್ಲ. ಎಲ್ಲರೂ ನೆಲ ನೋಡುತ್ತ, ಗೋಡೆ ನೋಡುತ್ತ ಕುಳಿತಿರುತ್ತಾರೆ. ಅತ್ತೆ ಪಕ್ಕದ ಹೆಂಗಸಿಗೆ ನನ್ನನ್ನು ಬೆರಳಿನಿಂದ ತೋರಿಸಿ ಹೇಳುತ್ತಿದ್ದರು.

"ಅಗೋ, ಅಂವ ನಮ್ಮ ಅಳಿಯ. ಗುಳಗಿಲೆ ಕೂದಲಾ ಹೋಗ್ಯಾವ. ಹೋಗ್ಲಿ ಬಿಡ್ರಿ, ಅಂವ ಅದಾನಲ್ಲ."

ಆ ಹೆಂಗಸು ನನ್ನ ತಲೆ ನೋಡಿದಳು. ತಲೆಯ ಮೇಲಿನ ಸೆರಗನ್ನು ಒಂದಿಷ್ಟು ಸರಿಸಿದಳು. ಬೈತಲೆ ಅಗಲವಾಗಿತ್ತು.

"ನಂದೂ ಹಂಗ ಆಗೈತಿ ನೋಡ್ರಿ ಯವ್ವಾ. ನಾ ನೀರಿಂದು ಅಂತಿದ್ದೆ."

"ನೀರಿಂದಲ್ಲ ಬೇ! ಒಳಗ ಹೋಗಿ ಡಾಕ್ಟರಿಗೆ ಹೇಳು," ಎಂದರು ಅತ್ತೆ. ಮೂಲೆಯಲ್ಲಿ ಕುಳಿತಿದ್ದ ಒಬ್ಬ ಗಂಡಸು ತಲೆಯೆತ್ತಿ, "ಹೌದೇನ್ರಿ, ಗುಳಗಿಯಿಂದಾನೂ ಆಗ್ತೈತೇನ್ರಿ?" ಎಂದು ಕುರ್ಚಿಯನ್ನು ಇತ್ತ ಎಳೆದುಕೊಂಡ. ಚೀಟಿ ಕರೆಯುವ ಹುಡುಗಿ, "ಸಾವಕಾಶ ಮಾತಾಡ್ರಿ" ಎಂದು ಕೂಗಿದಳು. ಯಾರೂ ಕೇಳಲಿಲ್ಲ. ನಾನೂ ಹೋಗಿ ಅವರ ನಡುವೆ ಕುಳಿತು, ಕೇಳಿದ್ದಕ್ಕೆಲ್ಲ ಉತ್ತರ ಹೇಳತೊಡಗಿದೆ.